ಇನ್ನೊಂದು ನೀರು

೨೦೨೪ರ ಜೂನ್ ೯, ಭಾನುವಾರ: ಫೋನಿನಲ್ಲಿ ಉಳಿದಿರುವ ಛಾಯಾಚಿತ್ರದಿಂದ ಈ ದಿನಾಂಕವನ್ನು ಖಚಿತಪಡಿಸಿಕೊಂಡಿದ್ದೇನೆ. ಹೊನ್ನವಳ್ಳಿಯ ನಮ್ಮ ನೆರೆಮನೆಯಾಕೆ ಅಂದು, ಮೀನುತೊಟ್ಟಿಯ ನೀರಿನಲ್ಲೇ ತರಕಾರಿ ಬೆಳೆಯುವ ತಮ್ಮ ತೋಟಕ್ಕೆ ಎರಡನೆಯ ಸಲ ಸಸಿ ಮಾಡಲು ಕುಳಿತಿದ್ದರು. ಮಣ್ಣಿನ ಬದಲು ಹಾಕಿದ್ದ ತೆಂಗಿನ ನಾರಿನ ಪುಡಿಯ ಒಗರಿಗೆ ಮೊದಲ ಸಸಿಗಳು ಸತ್ತಿದ್ದವು; ತವರಿನ ಬದನೆಬೀಜ ಉಳಿದದ್ದು ಒಂದೇ ಚಿಟಿಕೆ. ಪುಡಿಯನ್ನು ತೊಳೆದು ಹಿಂಡಿ, ಕಂದು ನೀರನ್ನು ಬೊಗಸೆಯಲ್ಲಿ ಬೆಳಕಿಗೆ ಹಿಡಿದು, ಪ್ರತಿ ಸಲವೂ "ಇನ್ನೊಂದ್ ನೀರು ತೊಳೀತೀನಿ" ಎನ್ನುತ್ತಿದ್ದರು.

"ಪಾಯಸಕ್ಕೆ ಅಕ್ಕಿ ತೊಳೀತಿದ್ದೀಯೇನೇ? ಸಾಕು ಬುಡು," ಎಂದರು ಜಗಲಿಯಿಂದ ಅವರ ಯಜಮಾನರು.

"ನಮ್ಮವ್ವನ ಬೀಜ ಕಣ್ರೀ. ಹೋದ್ರೆ ನೀವ್ ತಂದ್ಕೊಡ್ತೀರಾ?"

ಕರಟಗಳಲ್ಲಿ ಬಿತ್ತಿದ ಆ ಬೀಜಗಳು ಮೊಳೆತವು. ಯಜಮಾನರು ಜಗಲಿ ಬಿಟ್ಟು ಏಳಲೇ ಇಲ್ಲವೆಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಛಾಯಾಚಿತ್ರದಲ್ಲಿ, ಬಗ್ಗಿ ಆಕೆಯ ಕೈಗೆ ನೀರು ಹುಯ್ಯುತ್ತಿರುವವರು ಅವರೇ.