ಇಡೀ ಅಟ್ಟ ಇಳಿಸಲು ಬಂದವರು

ಕೇಳಿ ಗೆಳೆಯರೇ. "ಇರೋ ಹಲ್ಲೆಲ್ಲಾ ಕಿತ್ತು ಸೆಟ್ ಹಾಕ್ಬುಡಿ ಡಾಕ್ಟ್ರಮ್ಮ" ಎಂದು ಇವತ್ತು ತಿಪಟೂರಿನ ನನ್ನ ಕ್ಲಿನಿಕ್ಕಿನಲ್ಲಿ ಹಟ ಹಿಡಿದವರು ದಂಡಿನಶಿವರದ ತೆಂಗು ಬೆಳೆಗಾರ ಶಿವಣ್ಣ. ವಸಡಿನ ರೋಗ ಹಳೆಯದು, ಹಲ್ಲುಗಳು ಅಲ್ಲಾಡುತ್ತಿವೆ.

ಅವರು ತುಮಕೂರಿನಲ್ಲಿ ತೆಗೆಸಿ ತಂದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. "ನೋಡಿ, ಮುಂದಿನ ಹಲ್ಲುಗಳ ಸುತ್ತ ಮೂಳೆ ಒಂದೇ ಸಮ ಸ್ವಲ್ಪ ಇಳಿದಿದೆ, ಅಷ್ಟೇ. ಈ ದವಡೆ ಹಲ್ಲಿನ ಪಕ್ಕ ಮಾತ್ರ ಬೇರಿನ ತುದಿವರೆಗೂ ಗುಂಡಿ ಬಿದ್ದಿದೆ. ಅದೊಂದನ್ನ ಕೀಳ್ತೀನಿ. ಮಿಕ್ಕಿದ್ದನ್ನ ಕ್ಲೀನ್ ಮಾಡಿ ಉಳಿಸ್ತೀನಿ."

ಶಿವಣ್ಣ ನಕ್ಕರು. "ನೀವು ಕೊಬ್ರಿ ಮಾಡಿಲ್ಲ ಕಣ್ರೀ. ಅಟ್ಟದಲ್ಲಿ ಒಣಗಾಕಿದ ಕಾಯಿ ಅಲ್ಲಾಡಿಸಿದಾಗ ಲೊಡಲೊಡ ಅಂದ್ರೆ ಒಳಗೆ ಕೊಬ್ರಿ ಚಿಪ್ಪು ಬುಟ್ಟೈತೆ ಅಂತ. ನಾಕು ಕಾಯಿ ಹಂಗಂದ್ರೆ ಸಾಕು, ಇಡೀ ಅಟ್ಟನೇ ಇಳಿಸ್ತೀವಿ."

"ಇದು ಅಟ್ಟ ಅಲ್ಲ ಶಿವಣ್ಣೋರೇ, ದವಡೆ. ಒಂದ್ಸಲ ಇಳಿಸಿದ್ರೆ ಮತ್ತೆ ತುಂಬಲ್ಲ. ನಾನು ಕೀಳೋದು ಒಂದೇ."

ಬಹಳ ಹೊತ್ತು ಜಗ್ಗಾಡಿದೆವು. ಕಿತ್ತದ್ದು ಒಂದೇ. ಅವರು ಹತ್ತಿ ಕಚ್ಚಿಕೊಂಡು ಎದ್ದರು. ಹೊರಗೆ ಬೆಂಚಿನ ಮೇಲಿದ್ದ ಅವರ ಹೆಂಡತಿ ಒಳಗೆ ಬಂದು ಅದೇ ಕುರ್ಚಿಯಲ್ಲಿ ಕೂತರು.

"ಇವರ್ದು ಹೋಗ್ಲಿ ಬುಡವ್ವ, ನಂದಾದ್ರೂ ಇಳಿಸು."

ಅವರನ್ನೂ ಎಕ್ಸ್‌ರೇಗೆ ತುಮಕೂರಿಗೆ ಕಳಿಸಿದ್ದೇನೆ. ನಾನಿರುವವರೆಗೂ ಆ ಮನೆಯ ಅಟ್ಟ ಇಳಿಯುವುದಿಲ್ಲ.