ಬೈರಣ್ಣನ ತಾರಸಿಯ ಬಿಸಿಲು

ಗಂಡ ತೀರಿಕೊಂಡ ವರ್ಷ ಗೌರಮ್ಮ ಇಟ್ಟಮಡುವಿನಲ್ಲಿ ಬಾಡಿಗೆ ಮನೆ ಹುಡುಕುತ್ತ ಬೈರಣ್ಣನ ಗೇಟಿನ ಮುಂದೆ ನಿಂತಳು. ಅವನು ಅಡ್ವಾನ್ಸಿನ ಮಾತೆತ್ತಲಿಲ್ಲ.

"ಹೊಟ್ಟೆಪಾಡಿಗೆ ಏನ್ ಮಾಡ್ತೀಯಮ್ಮ?"

"ಸಂಡಿಗೆ ಹಾಕ್ತೀನಿ ಅಣ್ಣ. ತಾರಸೀಲಿ ಬಿಸಿಲು ಬರುತ್ತಾ?"

"ಬಿಸಿಲಿಗೇನು ಬರ? ಇದೇ ಜಾಗದಲ್ಲಿ ನಮ್ಮಪ್ಪ ರಾಗಿ ಬೆಳೀತಿದ್ದ. ತಾರಸಿ ನಿಂದೇ ಅಂದ್ಕೋ."

ಅಂದಿನಿಂದ ಬೇಸಿಗೆ ಬಂತೆಂದರೆ ತಾರಸಿಯ ತುಂಬ ಅವಳ ಹಳೇ ಸೀರೆಗಳು, ಸೀರೆಗಳ ತುಂಬ ಅಕ್ಕಿ ಸಂಡಿಗೆ. ತ್ಯಾಗರಾಜನಗರದ ಅಂಗಡಿಗೆ ಹೋಗುವ ಮುಂಚೆ ಮೊದಲ ಪಾಲು ಬೈರಣ್ಣನ ಮನೆಯ ಎಣ್ಣೆಗೆ ಬೀಳಬೇಕು. ಹಾಗೆಂದು ಯಾರೂ ಹೇಳಿರಲಿಲ್ಲ, ನಡೆದುಕೊಂಡು ಬಂದಿತ್ತು.

ಹೊಲ ಲೇಔಟಾಗಿ ಎಷ್ಟೋ ವರ್ಷವಾದರೂ ಬೈರಣ್ಣನ ಕೈ ಬೆಳೆಗೆ ತುಡಿಯುತ್ತಿತ್ತು. ಸೋಲಾರಿಗೆ ಸರ್ಕಾರ ಸಬ್ಸಿಡಿ ಕೊಡುತ್ತದೆ, ಮಿಕ್ಕ ಕರೆಂಟಿಗೂ ದುಡ್ಡು ಬರುತ್ತದೆ ಎಂದು ಕೇಳಿದ ದಿನ ಹಿಗ್ಗಿಹೋದ. "ಬಿತ್ತೋದು ಬೇಡ, ಕಳೆ ಕೀಳೋದು ಬೇಡ. ಬಿಸಿಲು ಕುಯ್ಕೊಳ್ಳೋದೊಂದೇ!"

ಪ್ಯಾನೆಲ್ ಹಾಕಲು ಬಂದ ಚಿರಂತ್ ಅಳತೆ ಹಿಡಿದು, "ಟ್ಯಾಂಕಿನ ಮೇಲೆ ಎತ್ತರದ ಸ್ಟ್ಯಾಂಡ್ ಹಾಕಿದ್ರೆ ತಾರಸಿ ಖಾಲಿ ಉಳಿಯುತ್ತೆ ಅಂಕಲ್. ಆದ್ರೆ ಆ ಕಬ್ಬಿಣದ ಖರ್ಚು ನಿಮ್ದೇ, ಸಬ್ಸಿಡಿ ಹೆಚ್ಚಾಗಲ್ಲ" ಎಂದ.

"ಖಾಲಿ ಜಾಗದಲ್ಲಿ ಮದುವೆ ಚಪ್ಪರ ಹಾಕ್ಲಾ ಗುರು? ತಗ್ಗಲ್ಲೇ ಕೂರ್ಸು."

ಗೌರಮ್ಮ ಮೆಟ್ಟಿಲ ಮೇಲೆಯೇ ನಿಂತಿದ್ದಳು, ಕಂಕುಳಲ್ಲಿ ಮಡಿಸಿದ ಸೀರೆ. ಕೆಲಸ ಮುಗಿದ ಮೇಲೆ ಬೈರಣ್ಣ, "ಹೆಂಗೈತೆ ಗೌರಮ್ಮ?" ಎಂದಾಗ, "ಚೆನ್ನಾಗಿದೆ ಅಣ್ಣ" ಎಂದಳು. ಅವನ ಮನೆ, ಅವನ ಬಿಸಿಲು.

ಆ ಬೇಸಿಗೆ ಪ್ಯಾನೆಲ್‌ಗಳ ಸಂದಿಯಲ್ಲಿ ಸೀರೆ ಹಾಸಿದಳು. ನೆರಳು ಸರಿದಂತೆ ಸೀರೆ ಎಳೆದಳು. ಸಂಡಿಗೆ ಒಳಗೊಳಗೇ ಹಸಿ ಉಳಿದು ಮುಗ್ಗಲು ಬಂತು. ಅಂಗಡಿಯವರು ಚೀಲ ವಾಪಸ್ ಕಳಿಸಿದರು. ಗೌರಮ್ಮ ಪದ್ಮನಾಭನಗರದ ಮೆಸ್ಸಿಗೆ ಚಪಾತಿ ಲಟ್ಟಿಸಲು ಹೋಗತೊಡಗಿದಳು.

ಬೈರಣ್ಣನ ಕರೆಂಟ್ ಬಿಲ್ಲು ಇಳಿದಿತ್ತು. ಮರುವರ್ಷದ ಯುಗಾದಿಗೆ ಎಲೆಯ ಮೇಲೆ ಸಂಡಿಗೆ ಇಲ್ಲದ್ದನ್ನು ಕಂಡು ಊಟ ಬಿಟ್ಟು ತಾರಸಿ ಹತ್ತಿದವನು ಪ್ಯಾನೆಲ್‌ಗಳ ನೆರಳು ನೆಲದ ತುಂಬ ಬಿದ್ದಿದ್ದನ್ನು ನೋಡುತ್ತ ಬಹಳ ಹೊತ್ತು ಇಳಿಯಲಿಲ್ಲ. ಸಂಜೆಗೆ ಚಿರಂತನನ್ನು ಕರೆಸಿದ.

"ಕಿತ್ತು ಮೇಲಕ್ಕೆ ಹಾಕೋಕೆ ಅವತ್ತಿಗಿಂತ ಜಾಸ್ತಿ ಆಗುತ್ತೆ ಅಂಕಲ್."

"ಆಗ್ಲಿ. ಎತ್ತು."

ಕಬ್ಬಿಣ ಗೇಟಿನ ಬಳಿ ಬಂದು ಬೀಳುವಷ್ಟರಲ್ಲಿ ಬೈರಣ್ಣ ಹಾಸಿಗೆ ಹಿಡಿದಿದ್ದ. ಅದು ಅಲ್ಲೇ ಬಿದ್ದು ತುಕ್ಕು ಹಿಡಿಯಿತು. ಒಂದು ಮಧ್ಯಾಹ್ನ ಗೌರಮ್ಮ ಗಂಜಿ ತಂದು ತಲೆಯ ಬಳಿ ಕುಳಿತಳು. ಎರಡು ಚಮಚ ಕುಡಿದು ಅವನು ಸಾಕೆಂದು ಕೈ ಅಡ್ಡ ಹಿಡಿದ.

"ಅವತ್ತು ಹೆಂಗೈತೆ ಅಂತ ಕೇಳಿದ್ನಲ್ಲ ಗೌರಮ್ಮ. ಒಂದು ಮಾತು ಹೇಳ್ಬಾರ್ದಿತ್ತಾ?"