ಊಟ ಆಯ್ತಾ ಎಂದು ಕೇಳುವ ಕೊಲೆಗಾರ

ಅವರ ಬಲಗೈಯ ನಡುಬೆರಳಿನ ಮೇಲೆ ಒಂದು ಗಂಟು ಇತ್ತು. ಸುಲಿದ ಶೇಂಗಾ ಬೀಜದಷ್ಟು ದಪ್ಪ, ಕಲ್ಲಿನಷ್ಟು ಗಟ್ಟಿ, ಎಷ್ಟು ತಿಕ್ಕಿ ತೊಳೆದರೂ ಹೋಗದ ನೀಲಿ ಬಣ್ಣ. ಪೊಲೀಸ್ ಸ್ಟೇಷನ್ನಿನಲ್ಲಿ ಕೂತು ಮೂವತ್ತು ವರ್ಷ ಪೆನ್ನು ಒತ್ತಿದ ಬೆರಳು ಅದು. ಪೊಲೀಸರೆಂದರೆ ಲಾಠಿ ಎಂದುಕೊಳ್ಳುತ್ತೇವೆ. ಆದರೆ ಪ್ರತಿ ಸ್ಟೇಷನ್ನಿನಲ್ಲೂ ಲಾಠಿ ಮುಟ್ಟದೆ, ದೂರು, ಹೇಳಿಕೆ, ಪಂಚನಾಮೆ ಅಂತ ಬರೆದೇ ಸವೆಯುವ ಒಬ್ಬ ಕಾನ್‌ಸ್ಟೇಬಲ್ ಇರುತ್ತಾರೆ. ಅವರಿಗೆ ರೈಟರ್ ಅನ್ನುತ್ತಾರೆ. ನಿವೃತ್ತರಾಗಿ ಆಂಧ್ರದ ಗಡಿಯ ರಾಯದುರ್ಗದ ನಮ್ಮ ಓಣಿಗೆ ಬಂದ ಮೇಲೂ ಅವರನ್ನು ಯಾರೂ ಹೆಸರಿನಿಂದ ಕರೆಯಲಿಲ್ಲ. ರೈಟರ್ ಸಾಹೇಬ್ರು ಅಂದರೆ ಮುಗಿಯಿತು.

ನಾನು ಅವರ ಪಕ್ಕದ ಮನೆಯವಳು. ಇಲ್ಲಿಯ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಮೆತ್ತಗೆ ಮಾತಾಡುವ ಜಾಯಮಾನ ನನ್ನದಲ್ಲ. ಗೊತ್ತಿದ್ದದ್ದನ್ನು ಗಟ್ಟಿಯಾಗಿ ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಆ ಎರಡನೆಯ ಚಟವನ್ನು ಬಿಡಿಸಿದವರು ಇವರು. ಅದಕ್ಕೆ ಒಬ್ಬ ಬಡಪಾಯಿಯ ಒಂದು ಹಲ್ಲು ಹೋಯಿತು. ಸ್ವಲ್ಪದರಲ್ಲಿ ಪ್ರಾಣವೇ ಹೋಗುತ್ತಿತ್ತು.

ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಹಚ್ಚಿ ಕಟ್ಟೆಯ ಮೇಲೆ ಕೂತರೆಂದರೆ ಓಣಿಯ ಸುದ್ದಿಯೆಲ್ಲ ಅವರ ಮುಂದೆಯೇ ಹಾಯಬೇಕು. ಯಾರದೋ ಮಗಳು ಯಾರ ಜೊತೆಗೋ ಹೋದಳಂತೆ ಎಂದು ಯಾರಾದರೂ ಶುರುಮಾಡಿದರೆ ಸಾಕು, "ನೀವು ನೋಡಿದ್ರೇನು? ಯಾವ ಬಸ್ಸು? ಎಷ್ಟು ಗಂಟೆಗೆ?" ಎಂದು ಕೇಳುತ್ತಿದ್ದರು. ಸುದ್ದಿ ತಂದವರು ತಡವರಿಸಿದರೆ, "ನೋಡಿದ್ದು ಹೇಳ್ರಿ. ಕೇಳಿದ್ದು ನಿಮ್ಮ ಕಿವ್ಯಾಗ ಇಟ್ಕೊಳ್ರಿ" ಅನ್ನುವರು. ಅವರ ಹೆಂಡತಿ ಒಳಗಿನಿಂದಲೇ ನನಗೆ ಕೂಗಿ ಹೇಳುತ್ತಿದ್ದರು: "ಸಾರಿಗೆ ಉಪ್ಪು ಜಾಸ್ತಿ ಆಗೈತಿ ಅನ್ನಾಕೂ ಇವರಿಗೆ ಇಬ್ಬರು ಸಾಕ್ಷಿ ಬೇಕ್ರಿ ಮೇಡಂ!" ಮೂವತ್ತು ವರ್ಷ ಬರೆದದ್ದೆಲ್ಲ ತೆಲುಗಿನಲ್ಲಿ, ಬೈದದ್ದೆಲ್ಲ ಕನ್ನಡದಲ್ಲಿ ಎಂದು ಅವರೇ ನಗುತ್ತಿದ್ದರು.

ಒಂದು ಭಾನುವಾರ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಕೂತಿದ್ದಾಗ ನಾನು ಕಾಲೇಜಿನ ಸುದ್ದಿ ತೆಗೆದೆ. ಒಂದರ ಮೇಲೊಂದು ಕೊಲೆ ಮಾಡುತ್ತಾ ಹೋಗುವವರ ಮನಸ್ಸು ಎಂಥದ್ದು ಎಂದು ಹುಡುಗರು ಕೇಳಿದ್ದರು. ಒಂದು ತಾಸು ಪಾಠ ಹೇಳಿದ್ದೆ.

"ಏನಂತ ಹೇಳಿದ್ರಿ?" ಅಂದರು.

ಬೆರಳು ಮಡಚುತ್ತಾ ಒಪ್ಪಿಸಿದೆ: ಒಂಟಿಯಾಗಿ ಇರುತ್ತಾನೆ, ಕಣ್ಣು ಕೊಟ್ಟು ಮಾತಾಡುವುದಿಲ್ಲ, ಜನರ ಜೊತೆ ಬೆರೆಯುವುದಿಲ್ಲ, ಪ್ರಾಣಿಗಳನ್ನು ಹಿಂಸಿಸುತ್ತಾನೆ.

ಅವರು ಮಿರ್ಚಿಯ ತೊಟ್ಟು ಪಕ್ಕಕ್ಕಿಟ್ಟರು. "ಅಂಥಾಂವ ಸಿಕ್ಕಿದ್ರ ನಮಗೆ ಭಾಳ ಸಲೀಸಾಗ್ತಿತ್ತು ನೋಡ್ರಿ. ನಾ ಬರದಾಂವ ಹಂಗಿರಲಿಲ್ಲ." ಆಮೇಲೆ ಮಡಕಶಿರಾ ಕಡೆಯ ಒಂದು ಸ್ಟೇಷನ್ನಿನಲ್ಲಿದ್ದಾಗಿನ ಕಥೆ ಹೇಳಿದರು.

ಅಲ್ಲಿನ ಗುಡಿಬಂಡೆ ಸುತ್ತ ಬೋರ್‌ವೆಲ್ ತೋಟಗಳಲ್ಲಿ ಒಂಟಿಯಾಗಿದ್ದ ಮುದುಕಿಯರು ಸಾಯುತ್ತಿದ್ದರು. ಉಸಿರು ಕಟ್ಟಿಸಿ ಕೊಂದದ್ದು. ಬಾಗಿಲು ಮುರಿದಿರುತ್ತಿರಲಿಲ್ಲ, ಕಿವಿಯ ಓಲೆ ಹಾಗೇ ಇರುತ್ತಿತ್ತು. ಮೂರನೆಯ ಸಾವಿನ ಪಂಚನಾಮೆ ಬರೆಯುವಾಗ ಇವರ ಕೈ ನಿಂತುಬಿಟ್ಟಿತಂತೆ. ಹೆಣ ಬಿದ್ದ ಜಾಗದಲ್ಲಿ ಏನೇನು ಕಂಡಿತೆಂದು ಬರೆದು, ಅದಕ್ಕೆ ಊರಿನ ಇಬ್ಬರ ಸಹಿ ತೆಗೆದುಕೊಳ್ಳಬೇಕು. ಅವರಿಗೆ ಪಂಚರು ಅನ್ನುತ್ತಾರೆ.

"ಪಂಚರಾಗ್ರಿ ಅಂದ್ರ ಜನ ಹೆಂಗ ಓಡ್ತಾರ ಗೊತ್ತೇನು ಮೇಡಂ? ಒಬ್ಬಂಗ ಎಮ್ಮಿ ಹಿಂಡೋದು ನೆನಪಾಗ್ತೈತಿ, ಒಬ್ಬಂಗ ಅತ್ತಿ ಊರಿನ ಬಸ್ಸು. ಯಾಕ? ಸಹಿ ಹಾಕಿದ್ರ ವರ್ಷಗಟ್ಟಲೆ ಕೋರ್ಟಿಗೆ ಅಡ್ಡಾಡಬೇಕು. ಈ ಮನಷ್ಯಾ ಒಬ್ಬನೇ ತಾನಾಗೇ ಬಂದು ‘ಕೊಡಿ ಸಾ, ನಾನ್ ಹಾಕ್ತೀನಿ’ ಅಂದ. ಅಕ್ಷರ ಮುತ್ತಿನಂಗ. ಈ ಹೆಸರು ಎಲ್ಲೋ ಬರದೀನಲ್ಲ ಅನ್ನಿಸ್ತು."

ಸ್ಟೇಷನ್ನಿಗೆ ಬಂದು ಹಳೆಯ ಎರಡು ಫೈಲು ತೆಗೆದು ನೋಡಿದರೆ, ಮೂರು ಹಳ್ಳಿಯ ಮೂರು ಸಾವಿಗೂ ಅದೇ ಸಹಿ. ಅವನು ಬೋರ್ ಮೋಟರ್ ರಿಪೇರಿ ಮಾಡುವವನು. ಪ್ರತಿ ತೋಟವೂ, ಪ್ರತಿ ನಾಯಿಯೂ ಗೊತ್ತು. ಬಿಳಿ ಅಂಗಿ, ಮೆತ್ತನೆ ಮಾತು. ಪೊಲೀಸರಿಗೆ ನೀರು ತಂದುಕೊಟ್ಟವನು, ಚಟ್ಟ ಕಟ್ಟಿದವನು, ಹೆಗಲು ಕೊಟ್ಟವನು.

"ಸಹಿ ಹಾಕೋದು ಅಪರಾಧ ಅಲ್ಲರಿ. ಅದು ದಾರಿ ಅಷ್ಟ, ಊರಲ್ಲ. ನೋಡಿದ ಮ್ಯಾಲೇ ಹೇಳಬೇಕು" ಅಂದರು ರೈಟರ್ ಸಾಹೇಬ್ರು. ಸ್ಟೇಷನ್ನಿನವರು ಹೋಗಿ ನೋಡಿದರು. ಅವನ ರಿಪೇರಿ ಪೆಟ್ಟಿಗೆಯ ತಳದಲ್ಲಿ ಮುದುಕಿಯರು ಸೊಂಟಕ್ಕೆ ಸಿಕ್ಕಿಸುವ ಎಲೆ-ಅಡಿಕೆ ಚೀಲ ಸಿಕ್ಕವು. ಒಗೆದು, ಮಡಚಿ, ಒಂದರ ಮೇಲೊಂದು ಇಟ್ಟಿದ್ದ ನಾಲ್ಕು ಚೀಲ. ಮೂರನ್ನು ಮನೆಯವರು ಗುರುತಿಸಿದರು. ನಾಲ್ಕನೆಯದು ಅವನ ತಾಯಿಯದಿರಬೇಕು ಎಂದುಕೊಂಡರು.

ಒಂಬತ್ತು ದಿನ ಅವನ ಎದುರು ಕೂತು ಹೇಳಿಕೆ ಬರೆದವರು ಇವರು. ದಿನವೂ ಅವನ ಮೊದಲ ಮಾತು, "ಊಟ ಆಯ್ತಾ ಸಾ?"

"ನನ್ನ ಹೆಣ್ತಿ ಅಷ್ಟು ಕಕ್ಕುಲಾತಿಲಿಂದ ಕೇಳಿಲ್ಲರಿ ಮೇಡಂ" ಎಂದು ಹೇಳುವಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಕೊನೆಯ ದಿನ ಬರೆದದ್ದನ್ನೆಲ್ಲ ಓದಿ ಹೇಳಿದರಂತೆ. ಅವನು ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ, "ತಪ್ಪು ಬರ್ಕೊಂಡಿದೀರ ಸಾ. ಮೂರಲ್ಲ, ನಾಕು" ಅಂದ. ವಯಸ್ಸಾಗಿ ಸತ್ತಳೆಂದು ಊರೆಲ್ಲ ಸೇರಿ ಮಣ್ಣು ಮಾಡಿದ್ದ ಇನ್ನೊಬ್ಬ ಅಜ್ಜಿ. ಅವಳ ಚಟ್ಟಕ್ಕೂ ಅವನು ಹೆಗಲು ಕೊಟ್ಟಿದ್ದ.

"ಪಶ್ಚಾತ್ತಾಪ ಆಗಿ ಹೇಳ್ದ ಅನ್ಕೊಂಡ್ರೇನು? ಉಹ್ಞೂಂ. ತನ್ನ ಕೆಲಸ ಕಮ್ಮಿ ಬರದಿದ್ದು ಅವಂಗ ತಡಕೊಳ್ಳಾಕ ಆಗಲಿಲ್ಲ. ಸಾವಿನ ಮನಿಯಾಗ ಅಳೋದೂ ನೋಡಿ ಕಲ್ತಿದ್ದ. ಯಾರು ಎಷ್ಟು ಅಳ್ತಾರ ನೋಡಿ, ಅದಕ್ಕಿಂತ ಒಂಚೂರು ಕಮ್ಮಿ ಅಳಾಂವ. ಜಾಸ್ತಿ ಅತ್ರ ಅನುಮಾನ ಬರ್ತೈತಲ್ಲ."

ಹಾಗೆ ನೋಡಿದರೆ ಇದು ನನ್ನ ಪುಸ್ತಕದಲ್ಲೂ ಇತ್ತು. ಮರುಳು ಮಾಡುವ ಮಾತು, ತಾನೇ ದೊಡ್ಡವನೆಂಬ ಗರ್ವ, ತಪ್ಪು ಮಾಡಿದೆನೆಂಬ ಅಳುಕೇ ಇಲ್ಲದಿರುವುದು, ಇನ್ನೊಬ್ಬರ ದುಃಖವನ್ನು ಅಂಗಿಯಂತೆ ತೊಟ್ಟುಕೊಳ್ಳುವುದು. ಒಂಟಿಯಾಗಿರುವ ಎಲ್ಲರೂ ಕೊಲೆಗಾರರಲ್ಲ ಎಂದೂ ಇತ್ತು. ಆ ಪುಟವನ್ನು ನಾನು ಬೇಗ ಬೇಗ ಓದಿ ಮುಗಿಸಿದ್ದೆ. ಹುಡುಗರು ಬಾಯಿ ಬಿಟ್ಟು ಕೇಳುವುದು ಕೆಂಪು ಕಣ್ಣಿನವನ ಕಥೆಯನ್ನೇ ಹೊರತು ಮೋಟರ್ ರಿಪೇರಿಯವನದ್ದನ್ನಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ನಾನು ಮಾಡಿದ ಘನಂದಾರಿ ಕೆಲಸ ಹೇಳುತ್ತೇನೆ. ಮುಚ್ಚಿಟ್ಟರೆ ಇದನ್ನು ಬರೆದೂ ಪ್ರಯೋಜನವಿಲ್ಲ.

ಕೆಲವು ವರ್ಷಗಳ ಹಿಂದೆ ಗುಮ್ಮಘಟ್ಟ ಕಡೆಯ ಹಳ್ಳಿಗಳಲ್ಲಿ ಹದಿನೈದು ದಿನದೊಳಗೆ ಇಬ್ಬರು ಒಂಟಿ ಮುದುಕಿಯರು ಸತ್ತುಬಿದ್ದಿದ್ದರು. ಸೀರಿಯಲ್ ಕಿಲ್ಲರ್ ಬಂದಿದ್ದಾನೆ ಎಂದು ಫೋನಿನಿಂದ ಫೋನಿಗೆ ಸುದ್ದಿ ಹಾರಿತು. ಯೂಟ್ಯೂಬ್ ಚಾನೆಲ್ಲಿನವನೊಬ್ಬ ಕಾಲೇಜಿಗೆ ಬಂದು ನನ್ನ ಮುಂದೆ ಮೈಕು ಹಿಡಿದ. ಕ್ಯಾಮೆರಾ ಕಂಡರೆ ನಾಲಿಗೆ ಉದ್ದವಾಗುತ್ತದೆ. ಅದೇ ಪಾಠ ಒಪ್ಪಿಸಿದೆ: ಒಂಟಿ, ಕಣ್ಣು ಕೊಟ್ಟು ಮಾತಾಡದವನು, ಪ್ರಾಣಿಗಳಿಗೆ ನೋವು ಕೊಡುವವನು. "ಅಂಥವರು ಕಂಡರೆ ಎಚ್ಚರ" ಎಂದು ಕೊನೆಗೊಂದು ಒಗ್ಗರಣೆ ಬೇರೆ ಹಾಕಿದೆ.

ಸಂಜೆ ರೈಟರ್ ಸಾಹೇಬ್ರು ಗೋಡೆಯಾಚೆಯಿಂದ ಕೇಳಿದರು: "ಮೇಡಂ, ನೀವು ನೋಡಿದ್ರೇನು?"

ನನಗೆ ಸಿಟ್ಟು ಬಂತು. "ಇದು ಓಣಿ ಸುದ್ದಿ ಅಲ್ಲ ಸಾಹೇಬ್ರೆ, ವಿಜ್ಞಾನ" ಅಂದೆ. ಅವರು ಒಳಗೆ ಹೋದರು.

ಮೂರನೆಯ ದಿನ ಬೆಳಿಗ್ಗೆ ಆ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನು. "ಮೇಡಂ, ಒಬ್ಬ ಕುರಿಯಾಂವನ್ನ ಬೇವಿನ ಗಿಡಕ್ಕ ಕಟ್ಯಾರ್ರಿ. ಹೆಣ್ತಿ ಮಕ್ಕಳಿಲ್ಲ, ನೆಲ ನೋಡ್ಕೊಂಡೇ ಮಾತಾಡ್ತಾನ, ಕಂಬಳಿ ಮ್ಯಾಲೆ ರಕ್ತ ಐತಿ. ನೀವು ಹೇಳಿದ್ದೆಲ್ಲಾ ಹೊಂದ್ತೈತಿ ಅಂತ ನಿಮ್ಮ ವಿಡಿಯೋ ಹಚ್ಚಿ ಹಚ್ಚಿ ಹೊಡಿಲಾಕತ್ಯಾರ. ಲಗೂ ಬರ್ರಿ."

ಓಡಿಹೋಗಿ ಸಾಹೇಬ್ರಿಗೆ ಹೇಳಿದೆ. ಅವರು ಬೈಯಲಿಲ್ಲ. ಮೊದಲು ಸ್ಟೇಷನ್ನಿಗೆ ಫೋನು ಮಾಡಿದರು. "ಜೀಪು ಬರೋತನಕ ಅವ ಉಳಿಬೇಕಲ್ಲ" ಎಂದು ಕಪಾಟಿನಿಂದ ಬಿಳಿ ಹಾಳೆ, ಬರೆಯುವ ಅಟ್ಟೆ, ಹೆಬ್ಬೆಟ್ಟು ಒತ್ತುವ ಮಸಿಡಬ್ಬಿ ತೆಗೆದುಕೊಂಡರು. ಆಟೋದಲ್ಲಿ ದಾರಿಯುದ್ದಕ್ಕೂ ನಾನು ಅಳುತ್ತಿದ್ದೆ. ಅವರು ಪೆನ್ನಿನ ರೀಫಿಲ್ಲು ನಡೆಯುತ್ತದೋ ಇಲ್ಲವೋ ಎಂದು ಅಂಗೈ ಮೇಲೆ ಗೀಚಿ ನೋಡುತ್ತಿದ್ದರು.

ಊರಿಗೆ ಊರೇ ಅಲ್ಲಿ ಸೇರಿತ್ತು. ಗಿಡಕ್ಕೆ ಕಟ್ಟಿದ್ದ ಮನುಷ್ಯನ ಒಂದು ಹಲ್ಲು ಮುರಿದು ಬಾಯಿಂದ ರಕ್ತ ಸೋರುತ್ತಿತ್ತು. ಸಾಹೇಬ್ರು "ಬಿಡ್ರಿ" ಅನ್ನಲಿಲ್ಲ. ಅಂದಿದ್ದರೆ ಅವರಿಗೂ ಎರಡು ಬೀಳುತ್ತಿದ್ದವು. ಸೀದಾ ಹೋಗಿ ಅವನಿಗೂ ಜನರಿಗೂ ನಡುವೆ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಸರಿ ಆತು. ಹಿಡದೀರಿ, ಚಲೋ ಆತು. ನಾ ಪೊಲೀಸ್ ರೈಟರ್ ಇದ್ದಾಂವ. ಜೀಪು ಬರೋದ್ರಾಗ ಪಂಚನಾಮೆ ಬರದು ಇಡೂಣು. ಇವ ಕೊಂದದ್ದು ಯಾರು ನೋಡೀರಿ? ಒಬ್ಬೊಬ್ಬರೇ ಬಂದು ನಿಮ್ಮ ಹೆಸರು, ತಂದಿ ಹೆಸರು, ಆಧಾರ್ ನಂಬರ್ ಹೇಳ್ರಿ. ಕೋರ್ಟು ಕರದಾಗೆಲ್ಲಾ ಬರಬೇಕಾಗ್ತೈತಿ."

ಎತ್ತಿದ್ದ ಕೈಗಳು ಇಳಿದವು. ಹಿಂದಿನ ಸಾಲಿನಲ್ಲಿ ಒಬ್ಬನಿಗೆ ಎಮ್ಮೆ ನೆನಪಾಯಿತೋ ಏನೋ, ಮೆಲ್ಲಗೆ ಜಾರಿದ. ದೊಣ್ಣೆ ಹಿಡಿದಿದ್ದವನು ಮಾತ್ರ, "ಎಲ್ಲಾರೂ ಹೇಳ್ತಾರ್ರಿ" ಅಂದ.

"ಎಲ್ಲಾರೂ ಅನ್ನಾಂವನ ತಂದಿ ಹೆಸರೇನಪಾ? ಬರ್ಕೊಂತೀನಿ."

ಅಲ್ಲಲ್ಲಿ ಸಣ್ಣಗೆ ನಕ್ಕರು. ದೊಣ್ಣೆಯವನು ನನ್ನತ್ತ ಕೈ ತೋರಿಸಿದ. "ಇಲ್ಲೇ ಅದಾರಲ್ರಿ ಮೇಡಂ. ವಿಡಿಯೋದಾಗ ಅವರೇ ಹೇಳ್ಯಾರ."

"ಹಂಗಾರ ಮೊದಲನೇ ಸಾಕ್ಷಿ ಮೇಡಂ. ಬರ್ರಿ, ಕುಂದರ್ರಿ. ಈ ಮನಷ್ಯಾನ್ನ ಇದಕ್ಕ ಮೊದಲ ಎಂದಾರ ನೋಡೀರಿ?"

"ಇಲ್ಲ."

"ಗಟ್ಟಿ ಹೇಳ್ರಿ. ಪಾಠ ಮಾಡುವಾಗಿನ ದನಿ ತೆಗೀರಿ."

"ಇಲ್ಲ. ಇವತ್ತೇ ಮೊದಲು ನೋಡಿದ್ದು."

"ಇವ ಕೊಂದದ್ದು?"

"ನೋಡಿಲ್ಲ. ಇವರ ಬಗ್ಗೆ ನನಗೆ ಏನೂ ಗೊತ್ತಿಲ್ಲ. ವಿಡಿಯೋದಲ್ಲಿ ಹೇಳಿದ್ದು ಇವರನ್ನಲ್ಲ. ಹಾಗೆ ಹೇಳಿದ್ದೇ ತಪ್ಪು."

ಇಪ್ಪತ್ತು ವರ್ಷ ಪಾಠ ಹೇಳಿದ ಬಾಯಿಯಿಂದ "ನನಗೆ ಏನೂ ಗೊತ್ತಿಲ್ಲ" ಎಂದು ಅಷ್ಟು ಜನರ ಮುಂದೆ ಹೊರಟದ್ದು ಅದೇ ಮೊದಲು. ಅವರು ಅಕ್ಷರ ಅಕ್ಷರ ಬರೆದು, ದೊಡ್ಡ ದನಿಯಲ್ಲಿ ಓದಿ, ನನ್ನ ಸಹಿ ಹಾಕಿಸಿಕೊಂಡರು. ಆಮೇಲೆ ಗಿಡದ ಕಡೆ ತಿರುಗಿ, "ಈ ರಕ್ತ ಯಾರದಪಾ?" ಅಂದರು.

ಅವನು ನೆಲ ನೋಡುತ್ತಲೇ ಹೇಳಿದ: "ಮರೀವು ರೀ. ಕಿವಿ ಗುರುತು ಹಾಕಿದ್ನಿ."

ಪ್ರತಿ ಮಂದೆಯವರೂ ಮರಿಗಳ ಕಿವಿಗೆ ತಮ್ಮದೇ ಗುರುತಿನ ಕಚ್ಚು ಹಾಕುತ್ತಾರೆ. ಕುರಿ ಕಲೆತರೂ ಕಿವಿ ನೋಡಿ ಬೇರ್ಪಡಿಸಬಹುದು. ಅಲ್ಲಿ ನಿಂತಿದ್ದ ಅರ್ಧಕ್ಕರ್ಧ ಜನ ಕುರಿಯವರೇ! ಅವರವರ ಹಟ್ಟಿಯಲ್ಲೂ ಅದೇ ರಕ್ತ, ಅದೇ ಚಾಕು. ಒಬ್ಬ ಮುದುಕಿ ಹೋಗಿ ಅವನ ಮಂದೆಯಿಂದ ಒಂದು ಮರಿ ಎತ್ತಿಕೊಂಡು ಬಂದಳು. ಕಿವಿಯಲ್ಲಿ ಹಸಿ ಕಚ್ಚು ಇತ್ತು. "ನಿಮ್ಮ ಬಾಯಾಗ ಮಣ್ಣು ಬೀಳ್ಲಿ, ಕುರಿ ಕಾಯ್ದ ಕೈಗೆ ಇದು ಗೊತ್ತಾಗಲಿಲ್ಲೇನ್ರೋ!" ಎಂದು ಎಲ್ಲರಿಗೂ ಸೇರಿಸಿ ಬೈದಳು. ಜೀಪು ಬರುವ ಹೊತ್ತಿಗೆ ಹಗ್ಗ ಬಿಚ್ಚಿದ್ದರು.

ಪೋಸ್ಟ್‌ಮಾರ್ಟಂ ಆದ ಮೇಲೆ ತಿಳಿಯಿತು. ಒಬ್ಬ ಅಜ್ಜಿಗೆ ಹೃದಯ ನಿಂತಿತ್ತು, ಇನ್ನೊಬ್ಬಳಿಗೆ ಹಾವು ಕಚ್ಚಿತ್ತು. ಕೊಲೆಗಾರನೇ ಇರಲಿಲ್ಲ. ಇದ್ದದ್ದು ನನ್ನ ಪಾಠ ಮಾತ್ರ.

ವಾಪಸು ಬರುವಾಗ ಆಟೋದಲ್ಲಿ ಸಾಹೇಬ್ರು ಇಷ್ಟೇ ಅಂದರು: "ಅವ ನೆಲ ಯಾಕ ನೋಡ್ತಾನ ಗೊತ್ತೇನ್ರಿ? ದಿನಾ ಕುರಿ ಹೆಜ್ಜಿ ನೋಡಿ ನಡಿಯಾಂವ ಮತ್ತೇನು ಮುಗಿಲು ನೋಡ್ತಾನೇನು." ಮರುದಿನ ತಪ್ಪಾಯಿತೆಂದು ಇನ್ನೊಂದು ವಿಡಿಯೋ ಹಾಕಿಸಿದೆ. ಅದನ್ನು ಯಾರೂ ಯಾರಿಗೂ ಕಳಿಸಲಿಲ್ಲ. ಆ ಪಾಠವನ್ನು ನಾನು ಈಗಲೂ ಹೇಳುತ್ತೇನೆ. ಆದರೆ ಊಟ ಆಯ್ತಾ ಎಂದು ಕೇಳುವವನಿಂದ ಶುರುಮಾಡುತ್ತೇನೆ, ನನ್ನ ಸಹಿಯ ಆ ಹಾಳೆ ಓದಿ ಮುಗಿಸುತ್ತೇನೆ.

ಹೋದ ವರ್ಷ ಒಂದು ಮಧ್ಯಾಹ್ನ ಉಂಡು ಅಡ್ಡಾದ ರೈಟರ್ ಸಾಹೇಬ್ರು ಏಳಲಿಲ್ಲ. ಮನೆಯಲ್ಲಿ ಸತ್ತರೆ ಸರ್ಟಿಫಿಕೇಟಿಗೆ ಗೊತ್ತಿದ್ದ ಇಬ್ಬರ ಸಾಕ್ಷಿ ಬೇಕೆಂದು ಮರುದಿನ ನಮ್ಮ ವಾರ್ಡಿನ ಸಚಿವಾಲಯ ಕಚೇರಿಯ ಹುಡುಗಿ ಫಾರ್ಮು ತಂದಳು. ಓಣಿಯವರು ಮುಖ ಮುಖ ನೋಡಿಕೊಂಡರು. "ಆಮ್ಯಾಲೆ ಕೋರ್ಟು ಗೀರ್ಟು ಏನಿಲ್ಲಲ್ರಿ?" ಎಂದು ಒಬ್ಬರು ಕೇಳಿಯೇಬಿಟ್ಟರು. ಆ ಅಳುವಿನಲ್ಲೂ ನನಗೆ ನಗು ಬಂತು, ಸಾಹೇಬ್ರು ಕೇಳಿಸಿಕೊಳ್ಳಬೇಕಿತ್ತು. ಮೊದಲನೆಯ ಸಹಿ ನಾನು ಹಾಕಿದೆ.

"ಎರಡನೇದು ಎಲ್ಲಿ ಒತ್ತಬೇಕ್ರಿ?"

ಬಾಗಿಲ ಬಳಿ ಕಂಬಳಿ ಹೊದ್ದು ಆ ಕುರಿಯವನು ನಿಂತಿದ್ದ. ಸುದ್ದಿ ತಿಳಿದು ಗುಮ್ಮಘಟ್ಟದ ಕಡೆಯಿಂದ ಬಂದಿದ್ದ. ನಾನು ಒಳಗೆ ಹೋಗಿ ಕಪಾಟಿನಲ್ಲಿದ್ದ ಅದೇ ಮಸಿಡಬ್ಬಿ ತಂದು ಹಿಡಿದೆ. ಹುಡುಗಿ ಫಾರ್ಮು ನೋಡುತ್ತಾ, "ಇವರು ತೀರಿಕೊಂಡಿದ್ದು ನೀವು ನೋಡೀರೇನ್ರಿ?" ಎಂದು ಕೇಳಿದಳು.

ಅವನು ತಲೆ ಎತ್ತಿದ. ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: "ಹೋದದ್ದು ನೋಡಿಲ್ರಿ. ಇದ್ದದ್ದು ನೋಡೀನಿ. ಬರ್ಕೊಳ್ರಿ."

ಹುಡುಗಿ ಏನು ಮಾಡಲಿ ಎಂಬಂತೆ ನನ್ನ ಮುಖ ನೋಡಿದಳು. ಅವನು ಹೇಳಿದ ಹಾಗೇ ಬರ್ಕೋ ಅಂದೆ.